ಬಲೆಗೆ ಬಿದ್ದ ಮೀಸೆಯ ಮೀನು

(ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬದ ಪ್ರಬೋಧನೆ)



ಇಂದು ಜೂನ್ 29. ಮೀನು ಹಿಡಿಯುತ್ತಿದ್ದ ಪೇತ್ರರ, ಗುಡಾರ ಹೊಲಿಯುತ್ತಿದ್ದ ಪೌಲರ ಹಬ್ಬ. ಕರಾವಳಿಯಲ್ಲಾದರೆ ದೋಣಿ, ಬಲೆ ಎಂದು ಮಾತು ಶುರುಮಾಡುವುದು ಸುಲಭ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ದೋಣಿ ಎಲ್ಲಿಂದ ತರೋಣ? ದೊಡ್ಡಉಳ್ಳಾರ್ತಿಯ ಕಾವಲಿನ ಅಂಚಿನಲ್ಲಿ ನಿಂತರೆ ಕಾಣುವುದು ಹುಲ್ಲು, ಕುರಿಮಂದೆ, ಶೇಂಗಾ ಬಿತ್ತಲು ಕಾದಿರುವ ಹೊಲ. ಮಳೆಗಿಂತ ಗಾಳಿಯೇ ಹೆಚ್ಚು. ಆದರೂ ನಮ್ಮ ಸಂತೆಗೆ ಮೀನು ಬರುತ್ತದೆ, ನಾವು ತಿನ್ನುತ್ತೇವೆ. ಆ ಮೀನು ಹಿಡಿಯುವವರು ಯಾರು, ಹೇಗೆ ಹಿಡಿಯುತ್ತಾರೆ ಎಂದು ಕೇಳುವುದು ಮಾತ್ರ ಅಪರೂಪ. ಪೇತ್ರರ ಹಬ್ಬದ ದಿನವಾದರೂ ಕೇಳೋಣ.

ನಮಗೆ ಹತ್ತಿರದ ದೊಡ್ಡ ನೀರು ಹಿರಿಯೂರಿನ ಆಚೆಯ ವಾಣಿವಿಲಾಸ ಸಾಗರ. ಹಿರಿಯರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾದ ಕಟ್ಟೆ 1907ರಲ್ಲಿ ಮುಗಿಯಿತು. ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಎಂಬತ್ತೊಂಬತ್ತು ವರ್ಷ! ನಮ್ಮ ಸೀಮೆಯ ತಾಳ್ಮೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಒಳನಾಡಿನ ನೀರಿನಲ್ಲಿ ಮೀನು ಹಿಡಿಯುವವರ ವಾಹನ ಹರಿಗೋಲು. ಬಿದಿರಿನ ಹೆಣಿಗೆಯ ದುಂಡು ಬುಟ್ಟಿ, ಹಿಂದೆ ಅದಕ್ಕೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಎಷ್ಟೋ ಕಡೆ ಗಂಡ ಹೆಂಡತಿ ಇಬ್ಬರೇ ಅದರಲ್ಲಿ ಇರುತ್ತಾರೆ. ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ಬಲೆಯನ್ನೋ ಗಾಳದ ದಾರವನ್ನೋ ನೋಡಿಕೊಳ್ಳುತ್ತಾರೆ. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಎತ್ತಿಟ್ಟರೆ ಗಾಳಿ ಕರೆದತ್ತ ಹೋಗುತ್ತದೆ, ಸುತ್ತುತ್ತ ಹೋಗುತ್ತದೆ. ಮೀಸೆಯ ಮೀನು ಹಿಡಿಯುವವರಿಗೆ ಬೇಕಾದದ್ದೂ ಅದೇ. ಬಾಳೆ ಮೀನು, ಮುರಗೋಡು ಇವೆಲ್ಲ ತಳದ ಮೀನುಗಳು. ಕದಡಿದ ನೀರಿನಲ್ಲಿ, ರಾತ್ರಿಯ ಕತ್ತಲಲ್ಲಿ, ಕಣ್ಣಿಗಿಂತ ಹೆಚ್ಚಾಗಿ ಮೀಸೆಯಿಂದಲೇ ತಡವಿ, ರುಚಿ ನೋಡಿ ಆಹಾರ ಹುಡುಕುತ್ತವೆ. ಒಂದೇ ಕಡೆ ಕುಳಿತರೆ ಅಲ್ಲಿರುವ ಮೀನು ಮಾತ್ರ ಸಿಕ್ಕೀತು. ಗಾಳಿಗೆ ಬಿಟ್ಟುಕೊಂಡು ಗಾಳವನ್ನು ತಳದ ಹತ್ತಿರ ತೇಲಿಸುತ್ತ ಸಾಗಿದರೆ ಎರೆಯೇ ಮೀನಿನ ಬಳಿಗೆ ಹೋಗುತ್ತದೆ. ಕೆಲಸವೇ ಇಲ್ಲದವರಂತೆ ಕಾಣುತ್ತಾರೆ, ಆದರೆ ಬೆರಳ ಮೇಲಿನ ದಾರದಿಂದ ಮನಸ್ಸು ಒಂದು ಕ್ಷಣವೂ ಕದಲುವುದಿಲ್ಲ.

ಮೀನು ಸಿಕ್ಕ ಮೇಲೆ ಇನ್ನೊಂದು ಕಷ್ಟ. ಹರಿಗೋಲಿನಲ್ಲಿ ಎದ್ದು ನಿಂತರೆ ಮಗುಚುತ್ತದೆ. ಮುರಗೋಡಿಗೆ ಪಕ್ಕದ ರೆಕ್ಕೆಯಲ್ಲಿ ಮುಳ್ಳು. ಅದೇ ಬಳಗದ ಚೇಳು ಮೀನಿನ ಮುಳ್ಳು ಚುಚ್ಚಿದರೆ ಹೆಸರಿಗೆ ತಕ್ಕ ಉರಿ. ಹಾಗಾಗಿ ಯಾವುದು ಮಾರುವುದಕ್ಕೆ, ಯಾವುದು ಮನೆಗೆ, ಯಾವುದು ಬೇಡ ಎಂದು ನೀರಿನ ನಡುವೆ ಕುಳಿತು ಆರಿಸುತ್ತ ಇರಲಾಗುವುದಿಲ್ಲ. ಬಂದದ್ದೆಲ್ಲ ಒಳಗೆ. ಆರಿಸುವುದು ದಡ ಸೇರಿದ ಮೇಲೆ.

ಈಗ ಗಲಿಲೇಯಕ್ಕೆ ಹೋಗೋಣ. ಸಂತ ಮತ್ತಾಯರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಪ್ರಭು ಹೇಳಿದ ಬಲೆಯ ಸಾಮತಿ ನಿಮಗೆ ಗೊತ್ತು. ಎಲ್ಲ ಬಗೆಯ ಮೀನುಗಳೂ ಬಲೆಗೆ ಬೀಳುತ್ತವೆ, ಬಲೆಯನ್ನು ದಡಕ್ಕೆ ಎಳೆದು, ಕುಳಿತುಕೊಂಡು, ಒಳ್ಳೆಯದನ್ನು ಬುಟ್ಟಿಗೆ ಹಾಕಿ ಕೆಟ್ಟದ್ದನ್ನು ಎಸೆಯುತ್ತಾರೆ. ಎಸೆಯುವ ಆ ಮೀನು ಯಾವುದು? ಕೊಳೆತ ಮೀನಂತೂ ಅಲ್ಲ, ಈಗ ತಾನೇ ಜೀವಂತ ಬಂದದ್ದು. ಆ ಸರೋವರದಲ್ಲಿ ಹುರುಪೆಯಿಲ್ಲದ, ಮೀಸೆಯಿರುವ ದೊಡ್ಡ ಮೀನೊಂದು ಇದೆ. ಯಾಜಕಕಾಂಡದ 11ನೇ ಅಧ್ಯಾಯದ ಪ್ರಕಾರ ರೆಕ್ಕೆ, ಹುರುಪೆ ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಜಲಚರ ಯೆಹೂದ್ಯರಿಗೆ ಅಶುದ್ಧ. ಎಸೆಯುತ್ತಿದ್ದುದು ಅದನ್ನೇ ಇರಬೇಕೆಂದು ಅನೇಕ ಪಂಡಿತರು ಹೇಳುತ್ತಾರೆ. ಪೇತ್ರರ ಕೈ ಚಿಕ್ಕಂದಿನಿಂದ ಅದನ್ನು ಎಷ್ಟು ಸಲ ಎಸೆದಿರಬೇಕು! ಯೋಚಿಸದೆ, ಅಭ್ಯಾಸಬಲದಿಂದ.

ನಮ್ಮಲ್ಲೂ ಮೀನಿಗೆ ಜಾತಿ ಉಂಟು ನೋಡಿ. ಕಾಟ್ಲಾ, ರೋಹು ನೆಂಟರಿಗೆ. ಮೀಸೆಯ ಮೀನೆಂದರೆ ಕೆಲವು ಮನೆಗಳಲ್ಲಿ ಮೂಗು ಮುರಿಯುತ್ತಾರೆ. ಬೇಸಿಗೆಯಲ್ಲಿ ಕೆರೆ ಬತ್ತಿ ಬೇರೆ ಮೀನೆಲ್ಲ ಸತ್ತರೂ ಗಾಳಿಯನ್ನೇ ಉಸಿರಾಡುತ್ತ ಕೆಸರಿನಲ್ಲಿ ಜೀವ ಹಿಡಿದುಕೊಳ್ಳುವುದು ಮುರಗೋಡು. ಬರದ ಸೀಮೆಯವರಾದ ನಾವೇ ಅದನ್ನು ಕೀಳೆಂದರೆ ಹೇಗೆ?

ಅಂಥ ಪೇತ್ರರಿಗೆ ಪ್ರಭು ಸ್ವರ್ಗಸಾಮ್ರಾಜ್ಯದ ಬೀಗದ ಕೈ ಕೊಟ್ಟರೆಂದು ಇಂದಿನ ಶುಭಸಂದೇಶದಲ್ಲಿ ಕೇಳಿದೆವು. ಬೀಗದ ಕೈ ತೆರೆಯುತ್ತದೆ, ಮುಚ್ಚುತ್ತದೆ. ಪೇತ್ರರು ಅದರಿಂದ ಏನು ಮಾಡಿದರು ಎಂಬುದು ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯದಲ್ಲಿದೆ. ಜೊಪ್ಪ ಊರಿನ ಮಾಳಿಗೆಯ ಮೇಲೆ ಹಸಿದು ಪ್ರಾರ್ಥಿಸುತ್ತಿದ್ದಾಗ ನಾಲ್ಕು ಮೂಲೆ ಹಿಡಿದು ಇಳಿಸಿದ ಜೋಳಿಗೆಯಂಥ ಬಟ್ಟೆ ಕಂಡಿತು. ಅದರಲ್ಲಿ ಪ್ರಾಣಿ, ಹಾವು ಹುಳು, ಪಕ್ಷಿ ಎಲ್ಲ ಇದ್ದವು. ಮೀನಿನ ಹೆಸರು ಮಾತ್ರ ಅಲ್ಲಿಲ್ಲ. ಆದರೂ ಬಲೆಯಂತೆ ಮೂಲೆ ಹಿಡಿದು ಇಳಿದ ಆ ಬಟ್ಟೆಯನ್ನು ಕಂಡ ಮೀನುಗಾರನಿಗೆ ತಾನು ಎಸೆದ ಮೀಸೆಯ ಮೀನುಗಳು ನೆನಪಾಗದೆ ಇದ್ದಾವೇ? ತಿನ್ನು ಎಂದಾಗ ಒಲ್ಲೆನೆಂದರು. ಮೂರು ಸಲ ಹೇಳಿಸಿಕೊಳ್ಳಬೇಕಾಯಿತು. ಅಷ್ಟರಲ್ಲಿ ಕೊರ್ನೇಲಿಯನ ಆಳುಗಳು ಬಾಗಿಲಲ್ಲಿದ್ದರು. ಕೊರ್ನೇಲಿಯ ಹೊರಗಿನವನು, ದೇಶವನ್ನು ಆಳುತ್ತಿದ್ದ ರೋಮ್ ಸೇನೆಯ ಶತಾಧಿಪತಿ. ಪೇತ್ರರು ಆ ಮನೆಯ ಹೊಸ್ತಿಲು ದಾಟಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಪೌಲರ ಹಬ್ಬವನ್ನು ಜೊತೆಗೆ ಆಚರಿಸಬೇಕಿರಲಿಲ್ಲ. ಅಂತಿಯೋಕ್ಯದಲ್ಲಿ ಅನ್ಯಧರ್ಮದಿಂದ ಬಂದ ವಿಶ್ವಾಸಿಗಳ ಜೊತೆ ಕುಳಿತು ಊಟಮಾಡುತ್ತಿದ್ದ ಪೇತ್ರರು, ಜೆರುಸಲೇಮಿನಿಂದ ತಮ್ಮವರು ಬಂದ ಕೂಡಲೇ ಪಂಕ್ತಿಯಿಂದ ಮೆಲ್ಲನೆ ಹಿಂದೆ ಸರಿದರು. ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲರೇ ಇದನ್ನು ಬರೆದಿದ್ದಾರೆ, ಎಲ್ಲರ ಮುಂದೆಯೇ ಅವರನ್ನು ಪ್ರಶ್ನಿಸಿದ್ದನ್ನೂ ಬರೆದಿದ್ದಾರೆ. ಧರ್ಮಸಭೆಯ ಎರಡು ಕಂಬಗಳ ಜಗಳ ಯಾವ ದೊಡ್ಡ ಸಿದ್ಧಾಂತಕ್ಕೆ? ಯಾರ ಪಕ್ಕ ಕುಳಿತು ಉಣ್ಣಬೇಕು ಎಂಬುದಕ್ಕೆ! ನಮ್ಮ ಮದುವೆ ಮನೆಗಳಲ್ಲಿ, ಸಮಾಧಿಯ ನಂತರದ ಊಟಗಳಲ್ಲಿ ಮೆಲ್ಲನೆ ಸರಿಯುವುದು ಇನ್ನೂ ನಡೆಯುತ್ತಿದೆ. ಯಾರೂ ಬೈಯುವುದಿಲ್ಲ, ಯಾರೂ ಹೊರಗೆ ಹಾಕುವುದಿಲ್ಲ. ಪಕ್ಕದ ಕುರ್ಚಿ ಮಾತ್ರ ಖಾಲಿ ಉಳಿಯುತ್ತದೆ.

ಒಬ್ಬ ಯುವಕ ನಮ್ಮನ್ನು ಕೇಳಬಹುದು: "ಗುರುಗಳೇ, ಸರ್ಕಾರವೇ ಒಂದು ಮೀಸೆಯ ಮೀನನ್ನು ನಿಷೇಧಿಸಿದೆಯಲ್ಲ?" ಹೌದು. ಆಫ್ರಿಕನ್ ಕ್ಯಾಟ್ ಫಿಶ್ ಸಾಕಬಾರದೆಂದು 1997ರಲ್ಲೇ ಕೇಂದ್ರ ಸರ್ಕಾರ ಆದೇಶಿಸಿತು. ಬೇಗ ಬೆಳೆಯುವ ಈ ಮೀನು ಹೊಂಡದಿಂದ ಕೆರೆ, ಹೊಳೆಗೆ ತಪ್ಪಿಸಿಕೊಂಡರೆ ನಮ್ಮ ಮೀನುಗಳನ್ನೂ ಅವುಗಳ ಮರಿಗಳನ್ನೂ ತಿನ್ನುತ್ತದೆ. ಆದರೂ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಕದ್ದು ಸಾಕುವವರಿದ್ದಾರೆ, ಮುರಗೋಡೆಂದು ಹೇಳಿ ಮಾರುವವರಿದ್ದಾರೆ. ಆಶ್ಚರ್ಯವೆಂದರೆ ಗಲಿಲೇಯ ಸರೋವರದ ಮೀನೂ ಇದೇ ಜಾತಿ, ಕ್ಲಾರಿಯಸ್ ಗ್ಯಾರಿಪೈನಸ್. ಅಲ್ಲಿ ಅದು ತನ್ನ ನೀರಿನಲ್ಲಿದೆ. ಇಲ್ಲಿಗೆ ಅದು ಈಜಿ ಬಂದದ್ದಲ್ಲ, ಲಾಭಕ್ಕಾಗಿ ಮನುಷ್ಯ ತಂದದ್ದು. ಕಾನೂನು ಅದನ್ನು ಅಶುದ್ಧ ಎಂದಿಲ್ಲ, ಇಲ್ಲಿ ಸಾಕಬೇಡಿ ಎಂದಿದೆ, ಅದು ಸರಿ. ಆದರೆ ಇದೇ ಮಾತನ್ನು ಮೀನಿನಿಂದ ಎತ್ತಿ ಮನುಷ್ಯರ ಮೇಲೆ ಹಾಕಬೇಡಿ. ಕೂಲಿಗೆ ಬಂದವರು, ಬೇರೆ ಭಾಷೆಯವರು, ನೀರಿನ ದಡದಲ್ಲಿ ಗುಡಿಸಲು ಹಾಕಿ ಹರಿಗೋಲಿನಲ್ಲಿ ಬದುಕುವವರು ಇವರೆಲ್ಲ ಬೇರೆ ನೀರಿನವರು ಎಂದು ಹೇಳುವ ಹಕ್ಕು ಕೊರ್ನೇಲಿಯನ ಮನೆಯ ಬಾಗಿಲು ತೆರೆದ ದಿನವೇ ಹೋಯಿತು. ಆರಿಸುವ ಕೆಲಸವನ್ನು ಪ್ರಭು ಕಾಲಾಂತ್ಯದಲ್ಲಿ ದೇವದೂತರಿಗೆ ವಹಿಸಿದ್ದಾರೆ. ನಾವಿನ್ನೂ ನೀರಿನ ನಡುವೆ ಇದ್ದೇವೆ.

ಸಂತೆಯಲ್ಲಿ ಮುರಗೋಡು ಕೊಳ್ಳುವಾಗ ಯಾವ ಕೆರೆಯದು ಎಂದು ಒಮ್ಮೆ ಕೇಳಿ. ಮಾರುವವರು ನಿಜ ಹೇಳಿದರೆ ಚೌಕಾಸಿ ಮಾಡಬೇಡಿ.

ಬಲಿಪೂಜೆಯ ನಂತರ ಹಬ್ಬದ ಊಟವಿದೆ. ಈ ವರ್ಷ ಯಾರೂ ತಮ್ಮವರಿಗೆಂದು ಟವೆಲ್ ಹಾಸಿ ಜಾಗ ಹಿಡಿಯುವಂತಿಲ್ಲ. ಬಾಗಿಲಿನಿಂದ ಬಂದ ಸಾಲಿನಲ್ಲೇ ಕುಳಿತುಕೊಳ್ಳಬೇಕು, ಪಕ್ಕ ಯಾರು ಬಂದರೆ ಅವರು. ಹಿಂದಿನ ಬೆಂಚಿನವರು ಮೊದಲು ಹೊರಡಲಿ. ಬಡಿಸಲು ಕೈ ಸಾಲದು, ಯುವಕರು ಸ್ವಲ್ಪ ಬೇಗ ಬನ್ನಿ.