ಸೀರೆಯ ಪಕ್ಕದ ಚೀಟಿ

ಸೇಲಂ, ಮೇಟೂರು, ಪೆನ್ನಾಗರಂ, ಪಾಲಕೋಡು ಕಡೆಯಿಂದ ಬಂದಿರುವ ತಮ್ಮಂದಿರೇ, ತಂಗಿಯರೇ,

ನಾವು ಡಿಸೈನ್ ಓದಿದವರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕೂತವರು. ಆದ್ರೂ ಇವತ್ತು ಡಿಸೈನ್ ಕಲಿಕೆ ಬಗ್ಗೆ ಮಾತಾಡೋಕೆ ನಿಂತಿದ್ದೀವಿ. ಅದಕ್ಕೆ ಕಾರಣ ನೇಕಾರರ ಪಾಸ್‌ಬುಕ್.

ಅದರಲ್ಲಿ ನಮಗೆ ಕಾಣೋದು ಕೂಲಿ. ಸೀರೆಗೆ ಇಷ್ಟು, ಪಂಚೆಗೆ ಇಷ್ಟು. ನೂಲು, ಜರಿ, ನಮೂನೆ ಎಲ್ಲಾ ಕೆಲಸ ಕೊಟ್ಟವರದು. ನೇಯ್ದ ಬಟ್ಟೆ ಅವರಿಗೇ ವಾಪಸ್ಸು. ಅದೇ ಸೀರೆ ಆಮೇಲೆ ಅಂಗಡಿಯಲ್ಲಿ ಎಷ್ಟಕ್ಕೆ ಹೋಯ್ತು ಅನ್ನೋದು ಆ ಪಾಸ್‌ಬುಕ್ಕಿಗೆ ಬರಲ್ಲ. ನಮೂನೆ ಯಾರ ಕೈಯಲ್ಲಿದೆಯೋ ಬೆಲೆ ಹೇಳುವ ಮಾತೂ ಅವರದೇ. ಮಗ್ಗದಲ್ಲಿ ಕೂತವರ ಮಕ್ಕಳು ಅದನ್ನ ನೋಡಿ, "ಈ ಕೆಲಸ ಬೇಡ" ಅಂತ ತಿರುಪ್ಪೂರಿಗೋ ಬೆಂಗಳೂರಿಗೋ ಬಸ್ ಹತ್ತುತ್ತಾರೆ. ಅವರನ್ನ ನಾವು ತಪ್ಪು ಅನ್ನಲ್ಲ.

ಸೇಲಂನಲ್ಲಿ ಮಗ್ಗ ಅಂದ್ರೆ ಕನ್ನಡದ ಮನೆಗಳೂ ಸೇರುತ್ತವೆ. ದೇವಾಂಗದವರ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ. ಇಲ್ಲಿಯ ರೇಷ್ಮೆಗೆ 'ಸೇಲಂ ವೆಣ್‌ಪಟ್ಟು' ಅಂತ ಭೌಗೋಳಿಕ ಗುರುತು, ಜಿಐ ಟ್ಯಾಗ್, ಸಿಕ್ಕಿದೆ. ಅದು ಊರಿಗೆ ಸಿಕ್ಕ ಹೆಸರು. ನೇಯ್ದವರ ಹೆಸರು ಎಲ್ಲಿ?

ಈ ಪ್ರಶ್ನೆ ನಮಗೆ ತಾನಾಗಿ ಹೊಳೆದದ್ದಲ್ಲ. ಒಬ್ಬ ಅಜ್ಜಿ ಕೇಳಿದ್ದು.

ನಾವು ನಾಲ್ಕೈದು ಜನ ಸೇರಿ ಒಂದು ಮದುವೆ ಛತ್ರದಲ್ಲಿ ಎರಡು ದಿನದ ಕಾರ್ಯಾಗಾರ, ಕೊನೆಗೊಂದು ಸಣ್ಣ ಪ್ರದರ್ಶನ ಮಾಡಿದ್ವಿ. ಹೈಸ್ಕೂಲು, ಪ್ಲಸ್ ಟು ಮಕ್ಕಳು. ಮನೆಯಿಂದ ಒಂದೊಂದು ವಸ್ತು ತನ್ನಿ ಅಂದಿದ್ವಿ. ಮೊರ ಬಂತು, ಲಾಳಿ ಬಂತು, ರಾಗಿಮುದ್ದೆ ತಿರುವುವ ಕೋಲು ಬಂತು, ಹಳೇ ಸೀರೆಯ ಸೆರಗು ಬಂತು. ಹೊಗೇನಕಲ್ ಕಡೆಯ ಹುಡುಗನೊಬ್ಬ ಹರಿಗೋಲಿನ ಚಿತ್ರ ಬರೆದು ತಂದಿದ್ದ.

ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ: ಇದು ಯಾಕೆ ಹೀಗಿದೆ? ಹರಿಗೋಲು ಯಾಕೆ ಗುಂಡಗಿದೆ? ತಳ ಯಾಕೆ ಚಪ್ಪಟೆ? ಹುಡುಗನೇ ಹೇಳಿದ: ಬಂಡೆ ನಡುವೆ ನೀರು ಕಡಿಮೆ ಇರೋ ಕಡೆಯೂ ಹೋಗಬೇಕು, ಯಾವ ಕಡೆಗೆ ಬೇಕಾದ್ರೂ ತಿರುಗಬೇಕು, ದಡ ಸೇರಿದ ಮೇಲೆ ತಲೆ ಮೇಲೆ ಹೊತ್ತು ನಡೀಬೇಕು. ಡಿಸೈನ್ ಪಾಠ ಶುರುವಾಗೋದು ಅಲ್ಲೇ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಒಳ್ಳೆಯ ವಿನ್ಯಾಸಕ್ಕೆ ಅದರಲ್ಲಿ ಅವರು ಕೊಟ್ಟ ಉದಾಹರಣೆ ನಮ್ಮ ಮನೆ ಚೊಂಬು. ಆ ವರದಿಯ ಹಿಂದೆಯೇ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ ಹುಟ್ಟಿತು.

ಎರಡನೇ ದಿನ ಪ್ರದರ್ಶನ. ಪ್ರತಿ ವಸ್ತುವಿನ ಪಕ್ಕ ಒಂದು ಚೀಟಿ: ವಸ್ತುವಿನ ಹೆಸರು, ತಂದ ವಿದ್ಯಾರ್ಥಿಯ ಹೆಸರು, ತರಗತಿ. ಸೆರಗು ತಂದ ಹುಡುಗಿಯ ಅಜ್ಜಿ ಬಂದ್ರು. ಓದೋಕೆ ಬರಲ್ಲ, ಮೊಮ್ಮಗಳ ಕೈಲಿ ಓದಿಸಿದ್ರು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೇಯ್ದದ್ದು ನಾನು ಕಣಮ್ಮ. ನನ್ನ ಹೆಸರು ಹಾಕಿಲ್ವಾ?" ಅಂದ್ರು.

ನಮ್ಮ ಹತ್ರ ಉತ್ತರ ಇರಲಿಲ್ಲ. ಪಾಸ್‌ಬುಕ್ ಮಾಡಿದ ತಪ್ಪನ್ನೇ ನಾವೂ ಮಾಡಿದ್ವಿ. ಆ ಚೀಟಿ ಕಿತ್ತು ಹೊಸದು ಬರೆಯೋಕೆ ಕೂತ್ವಿ. ಅಜ್ಜಿ ಹಾಸು, ಹೊಕ್ಕು, ಹಣಿಗೆ ಅಂತ ಹೇಳ್ತಾ ಹೋದ್ರು. ಮೊಮ್ಮಗಳಿಗೆ ಎಲ್ಲಾ ಪದ ಗೊತ್ತು, ಬರೆಯೋಕೆ ಮಾತ್ರ ಕನ್ನಡ ಅಕ್ಷರ ಬರಲ್ಲ. ಕೊನೆಗೆ ಎರಡೂ ಲಿಪಿಯಲ್ಲಿ ನಾವೇ ಬರೆದ್ವಿ.

ಕಲಿತ ಪಾಠ ಇಷ್ಟು: ಕೈ ಬಲ್ಲವರನ್ನ ಬಿಟ್ಟು ಡಿಸೈನ್ ಕಲಿಸೋಕೆ ಆಗಲ್ಲ. ಇದನ್ನ ಚೆನ್ನಾಗಿ ಮಾಡಿ ತೋರಿಸಿದವರು ಕಚ್ಛದಲ್ಲಿದ್ದಾರೆ. 2005ರಲ್ಲಿ ಕಲಾ ರಕ್ಷಾ ವಿದ್ಯಾಲಯ, 2014ರಲ್ಲಿ ಸೋಮಯ್ಯ ಕಲಾ ವಿದ್ಯಾ ಶುರುವಾದವು. ಅಲ್ಲಿ ವಿದ್ಯಾರ್ಥಿಗಳು ನೇಕಾರರು, ಬಟ್ಟೆಗೆ ಬಣ್ಣ ಕಟ್ಟುವವರು. ಪಾಠ ಅವರಿಗೆ ತಿಳಿಯುವ ಮಾತಿನಲ್ಲಿ. ವರ್ಷದಲ್ಲಿ ಎರಡೆರಡು ವಾರದ ತರಗತಿಗಳು. ನಡುವೆ ಮನೆಗೆ ಹೋಗಿ ಕಲಿತದ್ದನ್ನ ಮಗ್ಗದ ಮೇಲೆ ಮಾಡಬೇಕು, ಹಾಗಾಗಿ ದುಡಿಮೆ ನಿಲ್ಲಲ್ಲ. ವರ್ಷದ ಕೊನೆಗೆ ತಮ್ಮ ಕೆಲಸ ತಾವೇ ಜನರ ಮುಂದೆ ಇಡ್ತಾರೆ. ಅಲ್ಲಿ ಕಲಿತ ನೇಕಾರರು ನಮ್ಮ ಬಾಗಲಕೋಟೆಯ ನೇಕಾರರ ಜೊತೆಗೂ ಕೂತು ಕೆಲಸ ಮಾಡಿದ್ದಾರೆ. ಅಲ್ಲಿ ಆಗಿದ್ದು ಸೇಲಂನಲ್ಲಿ ಯಾಕೆ ಆಗಬಾರದು?

ಇನ್ನು ಓದುವವರಿಗೆ ಮೂರು ಮಾತು. ಒಂದು, ಸೇಲಂನಲ್ಲೇ 1960ರಿಂದ ಭಾರತೀಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆ ಇದೆ. ಕೈಮಗ್ಗ ಮತ್ತು ಜವಳಿಯಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ನಾವು ಬಸ್ಸಲ್ಲಿ ಓಡಾಡುವಾಗ ಅದನ್ನ ಯಾವುದೋ ಸರ್ಕಾರಿ ಆಫೀಸು ಅಂದ್ಕೊಂಡಿದ್ವಿ. ಎರಡು, ಎನ್‌ಐಡಿಗೂ, ಐಐಟಿಗಳ ಬಿ.ಡಿಸ್.ಗೆ ನಡೆಯುವ ಯುಸೀಡ್‌ಗೂ ಸೈನ್ಸ್ ಗ್ರೂಪೇ ಆಗಬೇಕು ಅಂತಿಲ್ಲ. ಕಾಮರ್ಸ್, ಆರ್ಟ್ಸ್ ಮಕ್ಕಳೂ ಬರೀಬಹುದು. ನಮಗೆ ಇದು ಗೊತ್ತಾಗುವಾಗ ಡಿಗ್ರಿ ಮುಗಿದು ಹೋಗಿತ್ತು. ಮೂರು, ಪ್ಲಸ್ ಟು ಪಬ್ಲಿಕ್ ಪರೀಕ್ಷೆ ಬರುವ ಮೊದಲೇ ಇವುಗಳ ಅರ್ಜಿ ಮುಗಿದಿರುತ್ತೆ. ರಿಸಲ್ಟ್ ಬರಲಿ ನೋಡೋಣ ಅಂದ್ರೆ ಒಂದು ವರ್ಷ ಹೋಯ್ತು.

ನಿಮ್ಮೂರಲ್ಲೂ ಇಂಥ ಪ್ರದರ್ಶನ ಮಾಡಿ. ದೊಡ್ಡ ಹಾಲ್ ಬೇಡ, ಶಾಲೆಯ ಎರಡು ಬೆಂಚು ಸಾಕು. ಚೀಟಿಯಲ್ಲಿ ಮೊದಲ ಸಾಲು ಮಾಡಿದವರ ಹೆಸರು. ಆಮೇಲೆ ವಸ್ತು, ಮನೆಯಲ್ಲಿ ಅದಕ್ಕಿರುವ ಕನ್ನಡ ಪದ, ಯಾಕೆ ಹೀಗಿದೆ ಅನ್ನೋದು. ಕನ್ನಡ ಬರೆಯೋಕೆ ಬರದಿದ್ರೆ ನಮ್ಮನ್ನ ಕರೀರಿ, ಬಂದು ಬರೆದುಕೊಡ್ತೀವಿ. ಹಾಗೇ ಬರೆಯೋದನ್ನೂ ಕಲಿಸಿ ಬರ್ತೀವಿ.

ಆ ಅಜ್ಜಿ ಹೋಗುವಾಗ ಹೊಸ ಚೀಟಿಯನ್ನ ಸೆರಗಿನ ತುದಿಗೆ ಗಂಟು ಹಾಕ್ಕೊಂಡು ಹೋದ್ರು.