ಉಗುರಿನ ಕರಾರು



ಮೈಯ ಅಂಗವೇ ಕತ್ತಿಯಾಗುವ ಕಲ್ಪನೆಯ ಬಗ್ಗೆ ಮಾತಾಡುತ್ತೇನೆ ಎಂದಾಗ, ಬಣಕಲ್ಲಿನ ದತ್ತಿ ಉಪನ್ಯಾಸಕ್ಕೆ ಇಂಥ ಮಕ್ಕಳಾಟಿಕೆಯ ವಿಷಯವೇ ಎಂದು ಕೆಲವರು ಹುಬ್ಬೇರಿಸಿದರು. ಮಕ್ಕಳಿಂದಲೇ ಶುರು ಮಾಡೋಣ. ಜಪಾನಿನ ಐಚಿರೋ ಓಡಾ 1997ರಿಂದ ಬರೆಯುತ್ತಿರುವ ‘ಒನ್ ಪೀಸ್’ ಚಿತ್ರಕಥೆಯಲ್ಲಿ ಡಾಜ್ ಬೋನ್ಸ್ ಎಂಬವನೊಬ್ಬ ಇದ್ದಾನೆ. ಮಾಯದ ಹಣ್ಣು ತಿಂದು ಅವನ ಕೈಕಾಲು, ಬೆರಳು ಎಲ್ಲ ಬೇಕೆಂದಾಗ ಅಲಗಾಗುತ್ತವೆ. ಆದರೆ ಅಂಥ ಹಣ್ಣು ತಿಂದವರಿಗೆ ಈಜು ದಕ್ಕದು. ಕಥೆ ನಡೆಯುವುದೋ ಸಮುದ್ರದ ಮೇಲೆ! ನನ್ನ ಕುತೂಹಲ ಅಲಗಿನ ಮೇಲಲ್ಲ, ಈ ಕರಾರಿನ ಮೇಲೆ.

ನಮ್ಮ ನರಸಿಂಹನ ಕಥೆ ಪೂರ್ತಿ ಕರಾರಿನದೇ. ಹಿರಣ್ಯಕಶಿಪು ವರ ಕೇಳಿದ್ದು ಪಳಗಿದ ಪತ್ರಬರಹಗಾರನ ಹಾಗೆ. ಒಳಗೂ ಸಾವಿಲ್ಲ, ಹೊರಗೂ ಇಲ್ಲ, ಹಗಲೂ ಇಲ್ಲ, ಇರುಳೂ ಇಲ್ಲ, ನೆಲದಲ್ಲೂ ಆಕಾಶದಲ್ಲೂ ಇಲ್ಲ, ಮನುಷ್ಯನಿಂದಲೂ ಮೃಗದಿಂದಲೂ ಇಲ್ಲ, ಆಯುಧದಿಂದ ಇಲ್ಲ, ಜೀವವಿದ್ದದ್ದರಿಂದಲೂ ಇಲ್ಲದ್ದರಿಂದಲೂ ಇಲ್ಲ. ಹೊಸ್ತಿಲು, ಮುಸ್ಸಂಜೆ, ತೊಡೆ, ಅರ್ಧ ಸಿಂಹದ ಮೈ, ಹೀಗೆ ಒಂದೊಂದಕ್ಕೂ ಒಂದು ಸಂದು ಸಿಕ್ಕಿತು. ಕೊನೆಯ ಎರಡು ಕಲಮುಗಳಿಗೆ ಸಿಕ್ಕಿದ್ದು ಉಗುರು. ಮೈಯಲ್ಲೇ ಬೆಳೆಯುತ್ತದೆ, ಕತ್ತರಿಸಿದರೆ ನೋಯುವುದಿಲ್ಲ.

ಬೇಲೂರಿನ ಚೆನ್ನಕೇಶವ ಗುಡಿಯನ್ನು ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅಲ್ಲಿಯ ಹೊರಗೋಡೆಯ ಉಗ್ರನರಸಿಂಹನನ್ನು ಹತ್ತಿರ ನಿಂತು ನೋಡಿ. ಅಸುರ ತೊಡೆಯ ಮೇಲೆ ಅಂಗಾತ ಬಿದ್ದಿದ್ದಾನೆ, ಬೆರಳುಗಳು ಹೊಟ್ಟೆಯೊಳಗಿವೆ, ಕರುಳು ಮಾಲೆಯಾಗಿ ಮೇಲೆದ್ದಿದೆ. ಉಳಿದ ಕೈಗಳಲ್ಲಿ ಆಯುಧಗಳೇನೋ ಇವೆ, ಸುಮ್ಮನೆ. ಶಿಲ್ಪಿ ವರದ ಷರತ್ತನ್ನು ಪಂಡಿತರಿಗಿಂತ ಚೆನ್ನಾಗಿ ಓದಿಕೊಂಡಿದ್ದ ಎಂದೇ ನನ್ನ ಅನಿಸಿಕೆ.

ಮಧ್ವಾಚಾರ್ಯರು ಈ ಉಗುರುಗಳ ಮೇಲೇ ಎರಡು ಶ್ಲೋಕದ ‘ನಖಸ್ತುತಿ’ ರಚಿಸಿದರು. ವಾಯುಸ್ತುತಿಯ ಪಾರಾಯಣಕ್ಕೆ ಮೊದಲೂ ಕೊನೆಗೂ ಅದನ್ನು ಹೇಳುವುದು ರೂಢಿ. 

ನರಸಿಂಹನ ಕಥೆಗೆ ತಿರುವುಮುರುವಾದ ಕಥೆ ನಮ್ಮ ತಾಲ್ಲೂಕಿನದೇ. ಅಂಗಡಿ, ಅಂದರೆ ಹಿಂದಿನ ಸೊಸೆವೂರಿನಲ್ಲಿ, ಜೈನಮುನಿಯ ಮಾತಿಗೆ ಹೊಯ್ಸಳರ ಮೂಲಪುರುಷ ಸಳ ಹುಲಿಯನ್ನು ಹೊಡೆದ ಎಂಬುದು ಐತಿಹ್ಯ. ಅಲ್ಲಿ ಉಗುರು ಹುಲಿಯದು, ಆಯುಧ ಮನುಷ್ಯನದು. ಹೊಯ್ಸಳರು ಲಾಂಛನ ಮಾಡಿಕೊಂಡದ್ದು ಸಳನನ್ನು, ಕೆತ್ತಿ ಕೈಮುಗಿದದ್ದು ಉಗುರಿನ ದೇವರಿಗೆ. ಎರಡೂ ಒಂದೇ ಗುಡಿಯಲ್ಲಿ!

ಪುರಾಣ ಸಾಕು ಎನ್ನುವವರು ಕಾಫಿ ತೋಟಕ್ಕೆ ಬನ್ನಿ. ಅರೇಬಿಕಾ ಕಾಂಡದೊಳಗೆ ಬಿಳಿ ಕಾಂಡಕೊರಕದ ಹುಳು ಬರೀ ದವಡೆಯಿಂದ ಸುರಂಗ ಕೊರೆಯುತ್ತದೆ. ಉಳಿಯೂ ಅದೇ, ಬಾಯಿಯೂ ಅದೇ. ಇದಕ್ಕೂ ಕರಾರುಂಟು. ರೊಬಸ್ಟಾದ ತಂಟೆಗೆ ಅದು ಹೋಗುವುದು ಅಪರೂಪ. ತಾಯಿಕೀಟ ಮೊಟ್ಟೆಯಿಡಲು ಬಿಸಿಲು ಬಿದ್ದ ಕಾಂಡ ಬೇಕು, ತೊಗಟೆಯ ಬಿರುಕು ಬೇಕು. ಮರಗಸಿ ಅತಿಯಾದ ತೋಟ ಅದಕ್ಕೆ ಔತಣ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್, ಕೀಟ ಹಾರುವ ಕಾಲ. ಅದಕ್ಕೆ ಮೊದಲೇ ಹುಳು ಹಿಡಿದ ಗಿಡ ಕಿತ್ತು ಸುಡಬೇಕು, ಉಳಿದ ಗಿಡಗಳ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯಬೇಕು. ಇದಕ್ಕೆ ಕತ್ತಿ ಹಿಡಿದರೆ ಗಿಡಕ್ಕೇ ಗಾಯ. ಕೈಗೆ ತೆಂಗಿನ ನಾರಿನ ಗವಸು ಹಾಕಿಕೊಂಡು ಉಜ್ಜಬೇಕು.