ಗಬ್ಬದ ಒಂಟೆಯ ರಕ್ತ ಪರೀಕ್ಷೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಕೇಳಿದ್ದಾರೆ. ಬಿ.ಇ. ಮುಗಿಸಿದ ನಾನು ಪಶು ಪ್ರಯೋಗಾಲಯಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ‘ಹೆಚ್ಚು’, ‘ಕಡಿಮೆ’ ಎಂದು ಗುರುತು ಬೀಳುತ್ತದಲ್ಲ, ಅದನ್ನು ಹಾಕಿಸುವುದೇ ನಮ್ಮ ಕೆಲಸ. ನಿಮಗೆಲ್ಲ ಹಸುವಿನ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ರಾಜಸ್ಥಾನದ ಒಂಟೆಯ ವಿಷಯ ಹೇಳುತ್ತೇನೆ.

ಅಲ್ಲಿ ರೈಕಾ ಸಮುದಾಯದವರು ತಲೆತಲಾಂತರದಿಂದ ಒಂಟೆ ಸಾಕುತ್ತಾರೆ. ಬಿಕಾನೇರಿನಲ್ಲಿ 1984ರಿಂದ ಒಂಟೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ದೇಶದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಇದ್ದ ಒಂಟೆಗಳು 2019ರ ಗಣತಿಗೆ ಸುಮಾರು 2.5 ಲಕ್ಷಕ್ಕೆ ಇಳಿದವು. ಹೆಣ್ಣು ಒಂಟೆ ಸುಮಾರು 13 ತಿಂಗಳು ಗಬ್ಬ ಹೊರುತ್ತದೆ. ಗಬ್ಬ ಹೋದರೆ ಸಾಕಿದವರಿಗೆ ದೊಡ್ಡ ನಷ್ಟ.

ಹಸುವಿನ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ಸುಮಾರು 45ರಿಂದ 75 ಮಿಲಿಗ್ರಾಂ. ಆರೋಗ್ಯವಾಗಿರುವ ಒಂಟೆಯಲ್ಲಿ ಅದು 100 ದಾಟುವುದು ಸಾಮಾನ್ಯ. ಹಸುವಿನ ಅಳತೆ ಹಿಡಿದರೆ ಒಂಟೆಗಳಿಗೆಲ್ಲ ಸಕ್ಕರೆ ಕಾಯಿಲೆ ಎನ್ನಬೇಕಾಗುತ್ತದೆ!

ಒಂದೇ ಒಂಟೆಯಲ್ಲೂ ಅಂಕಿ ಬದಲಾಗುತ್ತದೆ. ಹಸುವಿನಂತೆ ಅದಕ್ಕೆ 21 ದಿನಕ್ಕೊಮ್ಮೆ ಅಂಡ ಬಿಡುಗಡೆಯಾಗುವುದಿಲ್ಲ. ಗಂಡಿನ ಜೊತೆ ಕೂಡಿದ ಮೇಲೆಯೇ ಆಗುತ್ತದೆ. ಹಾಗಾಗಿ ಕೂಡದ ಒಂಟೆಯಲ್ಲಿ ಪ್ರೊಜೆಸ್ಟೆರಾನ್ ತೀರ ಕಡಿಮೆ, ಗಬ್ಬದ ಉದ್ದಕ್ಕೂ ಹೆಚ್ಚು. ಈಯುವ ಹೊತ್ತಿಗೆ ತಾಯಿಯ ರಕ್ತದಲ್ಲಿನ ರೋಗನಿರೋಧಕ ಪ್ರೋಟೀನು ಗಿಣ್ಣುಹಾಲಿಗೆ ಹೋಗುತ್ತದೆ. ಹಾಲು ಕೊಡುವಾಗ ಕ್ಯಾಲ್ಸಿಯಂ ಹಾಲಿನ ಜೊತೆ ಹೋಗುತ್ತದೆ. ಗಬ್ಬದ್ದು, ಹಾಲು ಕೊಡುವುದು, ಹಾಲು ಬತ್ತಿದ್ದು ಎಲ್ಲಕ್ಕೂ ಒಂದೇ ಅಳತೆ ಸಲ್ಲದು.

ಇನ್ನೊಂದು ಅಪಾಯವೂ ಇದೆ. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಒಂಟೆಯ ರಕ್ತ ಕುಂದುತ್ತದೆ, ಗಬ್ಬವೂ ಹೋಗಬಹುದು. ‘ಗಬ್ಬವಲ್ಲವೇ, ರಕ್ತ ಕಡಿಮೆ ಇರುತ್ತದೆ ಬಿಡಿ’ ಎಂದರೆ ರೋಗ ತಪ್ಪಿಸಿಕೊಳ್ಳುತ್ತದೆ. ಅನುಮಾನ ಬಂದರೆ ರಕ್ತದಲ್ಲಿ ರೋಗಾಣುವನ್ನೇ ಹುಡುಕಬೇಕು.

ಆದ್ದರಿಂದ ರಿಪೋರ್ಟಿನಲ್ಲಿ ‘ಗಬ್ಬವೇ?’ ಎಂಬ ಖಾನೆ ಬೇಕೇ ಬೇಕು. ಅದು ಖಾಲಿ ಇದ್ದರೆ ಕಂಪ್ಯೂಟರು ‘ಇಲ್ಲ’ ಎಂದು ಓದಬಾರದು, ‘ಗೊತ್ತಿಲ್ಲ’ ಎಂದು ಓದಬೇಕು. ತುಂಬಬಲ್ಲವರು ಒಂಟೆ ಸಾಕುವವರೇ. ಗಂಡು ಹತ್ತಿರ ಬಂದಾಗ ಗಬ್ಬದ ಒಂಟೆ ಬಾಲವನ್ನು ಮೇಲಕ್ಕೆತ್ತಿ ನಿಲ್ಲುತ್ತದೆ. ಓದು ಬರೆಹ ಬಾರದ ಸಾಕಣೆಗಾರರೂ ಇದನ್ನು ನೋಡಿ ಹೇಳುತ್ತಾರೆ. ಆ ಮಾತು ಪ್ರಯೋಗಾಲಯಕ್ಕೆ ತಲುಪದಿದ್ದರೆ ಯಂತ್ರದ ಅಂಕಿ ಅರ್ಧ ಮಾತ್ರ.

ನಮ್ಮ ಮನೆಯ ಹೆಣ್ಣುಮಕ್ಕಳ ವಿಷಯದಲ್ಲೂ ಇದು ನೆನಪಿರಲಿ. ಬಸುರಿಯಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೆಂಗಸರಿಗೆ ಸಾಮಾನ್ಯವಾಗಿ 12 ಗ್ರಾಂ, ಬಸುರಿಗೆ ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11 ಗ್ರಾಂ, ನಡುವಿನ ಮೂರು ತಿಂಗಳಲ್ಲಿ 10.5 ಗ್ರಾಂ ಎಂದು ಗೆರೆ ಎಳೆದಿರುವುದು ಅದಕ್ಕೇ. ಹಾಗೆಂದು 9 ಬಂದಾಗ ‘ಬಸುರಿಗೆ ಇದೆಲ್ಲ ಸಹಜ’ ಎಂದು ಸುಮ್ಮನಿರಬೇಡಿ. ಎಷ್ಟು ತಿಂಗಳು ಎಂಬುದನ್ನು ತಪ್ಪದೆ ಹೇಳಿ, ಆಶಾ ಕಾರ್ಯಕರ್ತೆಗೆ ಚೀಟಿ ತೋರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.